ವಲಸೆ ಬಂಧನ: ಎಷ್ಟು ದಿನ ಎಂಬ ಪ್ರಶ್ನೆಯ ಇತಿಹಾಸ

ಗಡೀಪಾರು ಪ್ರಕರಣ ಎದುರಿಸುವವರನ್ನು ಕೂಡಿಹಾಕುವುದು ಅಮೆರಿಕದ ಕಾನೂನಿನ ಲೆಕ್ಕದಲ್ಲಿ ಶಿಕ್ಷೆಯಲ್ಲ. 1896ರ ವಾಂಗ್ ವಿಂಗ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಈ ಗೆರೆ ಎಳೆಯಿತು: ವಿಚಾರಣೆಯಿಲ್ಲದೆ ವಿದೇಶಿಯರಿಗೆ ಕಠಿಣ ಸಜೆ ವಿಧಿಸುವಂತಿಲ್ಲ, ಆದರೆ ಹೊರಗೆ ಕಳಿಸುವ ತನಕ ಹಿಡಿದಿಡಬಹುದು. ಎಷ್ಟು ದಿನ? ಆ ಮಾತು ಹಾಗೇ ಉಳಿಯಿತು.

ಇಗ್ನಾಟ್ಜ್ ಮೆಜೈ ಬಫಲೋ ನಗರದಲ್ಲಿ 25 ವರ್ಷ ಬಾಳಿದವರು. ಸಾವಿನಂಚಿನಲ್ಲಿದ್ದ ತಾಯಿಯನ್ನು ನೋಡಲೆಂದು ಯುರೋಪಿಗೆ ಹೋಗಿ 1950ರಲ್ಲಿ ಮರಳಿದಾಗ ಅವರನ್ನು ಎಲ್ಲಿಸ್ ದ್ವೀಪದಲ್ಲಿ ತಡೆದರು. ಕಾರಣ ಕೇಳಿದರೆ ಗುಪ್ತ ಮಾಹಿತಿ ಎಂದರು. ಬೇರೆ ದೇಶಗಳೂ ಅವರನ್ನು ಸೇರಿಸಿಕೊಳ್ಳಲಿಲ್ಲ. 1953ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ, ಈತ ಇನ್ನೂ ದೇಶದ ಹೊಸ್ತಿಲಲ್ಲೇ ಇದ್ದಾನೆ, ಬಂಧನ ಸರಿ ಎಂದಿತು.

2001ರ ಜಡ್ವಿಡಾಸ್ ತೀರ್ಪು ಒಂದಷ್ಟು ಉಸಿರು ಕೊಟ್ಟಿತು. ಗಡೀಪಾರಿಗೆ ಆದೇಶವಾಗಿದ್ದರೂ ಯಾವ ದೇಶವೂ ಒಪ್ಪದವರನ್ನು ಆರು ತಿಂಗಳ ಮೇಲೂ ಇಟ್ಟುಕೊಳ್ಳಬೇಕಾದರೆ ಸರ್ಕಾರ ಸಮರ್ಥನೆ ಕೊಡಬೇಕಾಯಿತು.

ನನ್ನ ಮಟ್ಟಿಗೆ ಈ ಕಥೆಯಲ್ಲಿ ಅತಿ ಹೆಚ್ಚು ನೋಯಿಸುವುದು 2003ರ ಡಿಮೋರ್ ತೀರ್ಪು. ಕೆಲವು ಬಗೆಯ ಅಪರಾಧ ಎಸಗಿದವರಿಗೆ, ಗ್ರೀನ್ ಕಾರ್ಡ್ ಇದ್ದರೂ, ಜಾಮೀನೇ ಇಲ್ಲವೆಂದು 1996ರ ಕಾನೂನು ಹೇಳಿತ್ತು. ಕೋರ್ಟ್ ಅದನ್ನು ಎತ್ತಿಹಿಡಿಯಿತು, ಬಂಧನದ ಅವಧಿ ಚಿಕ್ಕದು ಎಂಬ ನಂಬಿಕೆಯ ಮೇಲೆ: ಸಾಮಾನ್ಯವಾಗಿ ಒಂದೂವರೆ ತಿಂಗಳು, ಮೇಲ್ಮನವಿ ಹಾಕಿದರೆ ಸುಮಾರು ಐದು ತಿಂಗಳು. ಅಂಕಿ ಕೊಟ್ಟಿದ್ದು ಸರ್ಕಾರ. 2016ರಲ್ಲಿ ಅದೇ ಸರ್ಕಾರ ಕೋರ್ಟಿಗೆ ಪತ್ರ ಬರೆದು ಲೆಕ್ಕ ತಪ್ಪಿತ್ತೆಂದು ಒಪ್ಪಿಕೊಂಡಿತು. ಮೇಲ್ಮನವಿ ಹಾಕಿದವರ ಸರಾಸರಿ 382 ದಿನ! 13 ವರ್ಷ ಜನ ಆ ತಪ್ಪು ಲೆಕ್ಕದಡಿ ಒಳಗಿದ್ದರು. ತೀರ್ಪು ಮಾತ್ರ ಬದಲಾಗಲಿಲ್ಲ. ಮೇಲ್ಮನವಿ ಹಕ್ಕನ್ನು ಬಳಸಿದ್ದಕ್ಕೇ ವರ್ಷಗಟ್ಟಲೆ ಕೊಳೆಯಬೇಕೆಂದರೆ ಅದು ಎಂಥ ನ್ಯಾಯ?

2018ರ ಜೆನ್ನಿಂಗ್ಸ್ ತೀರ್ಪು, ಆರು ತಿಂಗಳಿಗೊಮ್ಮೆ ಜಾಮೀನು ವಿಚಾರಣೆ ನಡೆಸಬೇಕೆಂದು ಈ ಕಾನೂನಿನಲ್ಲಿ ಎಲ್ಲೂ ಇಲ್ಲ ಎಂದಿತು. 2022ರಲ್ಲಿ, ಬಂಧಿತರೆಲ್ಲರ ಪರವಾಗಿ ಒಂದೇ ತಡೆಯಾಜ್ಞೆ ಕೊಡುವ ಅಧಿಕಾರವೂ ಕೆಳ ನ್ಯಾಯಾಲಯಗಳ ಕೈತಪ್ಪಿತು. ಈಗ ಬಹುಮಟ್ಟಿಗೆ ಒಬ್ಬೊಬ್ಬರೂ ಬೇರೆಬೇರೆಯಾಗಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ತಮ್ಮ ಬಂಧನ ಕಾನೂನುಬದ್ಧವೇ ಎಂದು ಕೋರ್ಟಿನಲ್ಲಿ ಪ್ರಶ್ನಿಸುವ ಅರ್ಜಿ, ಹಾಕಬೇಕು. ದುಡ್ಡಿಲ್ಲದವರಿಗೆ ಸರ್ಕಾರ ವಕೀಲರನ್ನು ಕೊಡಲೇಬೇಕೆಂಬ ನಿಯಮವಿಲ್ಲ.

2025ರ ಸೆಪ್ಟೆಂಬರಿನಲ್ಲಿ ವಲಸೆ ಮೇಲ್ಮನವಿ ಮಂಡಳಿ, ತಪಾಸಣೆಯಿಲ್ಲದೆ ಗಡಿ ದಾಟಿ ಬಂದವರಿಗೆ ಜಾಮೀನು ಕೊಡುವ ಅಧಿಕಾರ ವಲಸೆ ನ್ಯಾಯಾಧೀಶರಿಗಿಲ್ಲ ಎಂದಿತು. ಬಂದು ಎಷ್ಟು ವರ್ಷವಾಗಿದ್ದರೂ ಅಷ್ಟೇ. ಈ ಮಂಡಳಿ, ಈ ನ್ಯಾಯಾಧೀಶರು ಸ್ವತಂತ್ರ ನ್ಯಾಯಾಂಗದವರಲ್ಲ, ನ್ಯಾಯ ಇಲಾಖೆಯ ನೌಕರರು. ಹಾಗಾಗಿ ಫೆಡರಲ್ ಜಿಲ್ಲಾ ನ್ಯಾಯಾಲಯಗಳಿಗೆ ಸಾವಿರಾರು ಅರ್ಜಿಗಳು ಬಂದವು. ಜಾಮೀನು ವಿಚಾರಣೆ ನಡೆಸಿ ಎಂದು ಅನೇಕ ನ್ಯಾಯಾಧೀಶರು ಆದೇಶಿಸಿದರು.

ಅರ್ಜಿಯನ್ನು ಬಂಧಿತ ಇರುವ ಜಿಲ್ಲೆಯಲ್ಲೇ ಹಾಕಬೇಕು. ಇಂದು ನ್ಯೂಜೆರ್ಸಿಯಲ್ಲಿದ್ದವನನ್ನು ನಾಳೆ ಲೂಸಿಯಾನಕ್ಕೆ ಸಾಗಿಸಬಹುದು. ಅದಕ್ಕೇ ವಕೀಲರು ವಲಸೆ ಇಲಾಖೆಯ ಜಾಲತಾಣದಲ್ಲಿ ಕಕ್ಷಿದಾರನ ಏ-ನಂಬರ್ (ವಲಸೆ ಕಡತದ ಗುರುತಿನ ಸಂಖ್ಯೆ), ಹುಟ್ಟಿದ ದೇಶ ಹಾಕಿ ಎಲ್ಲಿದ್ದಾನೆಂದು ಹುಡುಕುತ್ತಾರೆ, ಸಾಗಿಸುವ ಮೊದಲೇ ಅರ್ಜಿ ದಾಖಲಿಸಲು ಹೆಣಗುತ್ತಾರೆ. ಮೊದಲೇ ದಾಖಲಾದರೆ, ಆಮೇಲೆ ಎಲ್ಲಿಗೆ ಒಯ್ದರೂ ಪ್ರಕರಣ ಅದೇ ನ್ಯಾಯಾಲಯದಲ್ಲಿ ಉಳಿಯುತ್ತದೆ.