ಚಂಡಮಾರುತಕ್ಕೆ ಸಿಕ್ಕ ದ್ವೀಪಕ್ಕೆ ಅಕ್ಕಿ, ಬಟ್ಟೆ ಕಳಿಸಬೇಡಿ ಎನ್ನುವುದೇಕೆ?

ಓದುಗರ ಪ್ರಶ್ನೆ: ಕೆರಿಬಿಯನ್ ಸಮುದ್ರದ ಜಮೈಕಾದಂಥ ದ್ವೀಪಗಳಿಗೆ ಚಂಡಮಾರುತ ಬಡಿದಾಗಲೆಲ್ಲ ಪರಿಹಾರ ಸಂಸ್ಥೆಗಳು ‘ಸಾಮಾನು ಬೇಡ, ಹಣ ಕೊಡಿ’ ಎನ್ನುತ್ತವೆ. ಮನೆ ಮಠ ಕಳೆದುಕೊಂಡವರಿಗೆ ಅಕ್ಕಿ, ನೀರು, ಬಟ್ಟೆ ಬೇಡವೇ? ಕೊಟ್ಟ ಹಣ ಅವರ ಕೈಸೇರುತ್ತದೆ ಎಂದು ನಂಬುವುದು ಹೇಗೆ?

ಉತ್ತರ: ಬೇಕು, ಖಂಡಿತ ಬೇಕು. ಉಟ್ಟ ಬಟ್ಟೆಯಲ್ಲೇ ಉಳಿದವರಿಗೆ ಅದೆಲ್ಲವೂ ಬೇಕು. ತೊಡಕಿರುವುದು ದಾರಿಯಲ್ಲಿ. ಒಳನಾಡಿನ ಊರಿಗಾದರೆ ಒಂದು ರಸ್ತೆ ಕೊಚ್ಚಿಹೋದರೂ ಬಳಸಿಕೊಂಡು ಬರಲು ಇನ್ನೊಂದು ಇದ್ದೀತು. ಸಣ್ಣ ದ್ವೀಪಕ್ಕೆ ಇರುವುದು ಒಂದೋ ಎರಡೋ ಬಂದರು, ಒಂದು ವಿಮಾನ ನಿಲ್ದಾಣ. ಗಾಳಿ ಮೊದಲು ಹೊಡೆಯುವುದೂ ಕರಾವಳಿಯಲ್ಲಿರುವ ಅವುಗಳಿಗೇ.

2017ರ ಸೆಪ್ಟೆಂಬರ್‌ನಲ್ಲಿ ಮರಿಯಾ ಚಂಡಮಾರುತ ಪೋರ್ಟೊ ರಿಕೊ ದ್ವೀಪವನ್ನು ಕೆಡವಿದಾಗ ಆಗಿದ್ದು ನೋಡಿ. ಸಾನ್ ವಾನ್ ಬಂದರಿಗೆ ಸಾಮಾನು ಬಂತು. ಸಾವಿರಾರು ಕಂಟೇನರ್‌ಗಳು ಅಲ್ಲೇ ನಿಂತವು. ಲಾರಿಗೆ ಡೀಸೆಲ್ ಇಲ್ಲ, ಚಾಲಕರನ್ನು ಕರೆಯೋಣವೆಂದರೆ ಫೋನ್ ಇಲ್ಲ, ಬಂದವರಿಗೂ ಮುಂದೆ ರಸ್ತೆ ಇಲ್ಲ. ಅದೇ ಹೊತ್ತಿಗೆ ದ್ವೀಪದ ಒಳಭಾಗದಲ್ಲಿ ಜನ ತೊರೆಯ ನೀರು ಕುಡಿಯುತ್ತಿದ್ದರು. ಒಂದು ವರ್ಷದ ನಂತರ ಸೆಯ್ಬಾ ಎಂಬಲ್ಲಿನ ವಿಮಾನದ ಓಡುದಾರಿಯಲ್ಲಿ ಕುಡಿಯುವ ನೀರಿನ ಬಾಟಲಿಗಳು ರಾಶಿರಾಶಿಯಾಗಿ ಬಿಸಿಲಲ್ಲಿ ಬಿದ್ದಿರುವ ಚಿತ್ರಗಳು ಹೊರಬಂದವು. ಅಮೆರಿಕದಂಥ ಶ್ರೀಮಂತ ದೇಶದ ಆಡಳಿತದಲ್ಲಿರುವ ದ್ವೀಪದ ಪಾಡೇ ಇದು.

ಹೀಗಿರುವಾಗ ಕೇಳದೆ ಬಂದ ಒಂದು ಪೆಟ್ಟಿಗೆ ಬರೀ ಪೆಟ್ಟಿಗೆಯಾಗಿ ಉಳಿಯುವುದಿಲ್ಲ. ಅದನ್ನು ಇಳಿಸಲು ಆಳು ಬೇಕು, ಕಸ್ಟಮ್ಸ್ ಕಾಗದ ಬೇಕು, ಬಿಚ್ಚಿ ವಿಂಗಡಿಸಲು ನೆರಳಿರುವ ಜಾಗ ಬೇಕು. ಛಾವಣಿ ಉಳಿದ ಕಟ್ಟಡಗಳೇ ಬೆರಳೆಣಿಕೆಯಷ್ಟಿರುವ ಊರಿನಲ್ಲಿ ಆ ನೆರಳನ್ನು ಉಣ್ಣೆಯ ಸ್ವೆಟರಿಗೆ ಕೊಡಬೇಕೋ, ಬಾಣಂತಿಗೆ ಕೊಡಬೇಕೋ? ನಮ್ಮಲ್ಲೂ ನೆರೆ ಬಂದಾಗ ಪರಿಹಾರ ಕೇಂದ್ರದ ಮೂಲೆಯಲ್ಲಿ ಹಳೆ ಬಟ್ಟೆಯ ಗುಡ್ಡೆ ಯಾರಿಗೂ ಬೇಡವಾಗಿ ಬಿದ್ದಿದ್ದನ್ನು ಕಂಡವರಿದ್ದಾರೆ. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ಆ ಗುಡ್ಡೆಯನ್ನು ಸಾಗಹಾಕುವ ಕೆಲಸವೂ ಸಂತ್ರಸ್ತರ ತಲೆಗೇ ಬರುತ್ತದೆ.

ಇನ್ನು, ಜನ ಎಲ್ಲಿದ್ದಾರೆ ಎಂಬುದೂ ದಿನದಿನಕ್ಕೆ ಬದಲಾಗುತ್ತದೆ. ಅದೇ 2017ರಲ್ಲಿ ಇರ್ಮಾ ಚಂಡಮಾರುತ ಬಾರ್ಬುಡಾದ ಬಹುಪಾಲು ಕಟ್ಟಡಗಳನ್ನು ಮುರಿದುಹಾಕಿತು. ಮತ್ತೊಂದು ಚಂಡಮಾರುತದ ಭಯವಿದ್ದದ್ದರಿಂದ ಇಡೀ ದ್ವೀಪದ ಜನರನ್ನು ದೋಣಿ, ವಿಮಾನಗಳಲ್ಲಿ ಪಕ್ಕದ ಆಂಟಿಗಾಕ್ಕೆ ಸಾಗಿಸಿದರು. ‘ಬಾರ್ಬುಡಾ’ ಎಂದು ವಿಳಾಸ ಬರೆದ ಪೆಟ್ಟಿಗೆಯನ್ನು ಆಗ ಅಲ್ಲಿ ಬಿಡಿಸಿಕೊಳ್ಳಲು ಯಾರಿದ್ದರು? ಹಣವಾದರೆ ಜನ ಹೋದ ಕಡೆಗೇ ಹೋಗುತ್ತದೆ.

ಹಾಗಾದರೆ ಸಾಮಾನು ಹೋಗುವುದೇ ಇಲ್ಲವೆಂದಲ್ಲ. ಹೋಗುತ್ತದೆ, ಆದರೆ ಗೊತ್ತಿದ್ದು, ಲೆಕ್ಕ ಹಾಕಿ ಕಟ್ಟಿದ್ದು. ರೆಡ್‌ಕ್ರಾಸ್ ಹಂಚುವ ವಸತಿ ಕಿಟ್ ಬಿಚ್ಚಿದರೆ ಒಳಗಿರುವುದು ಎರಡು ಟಾರ್ಪಾಲು, ಹಗ್ಗ, ಕೈಗರಗಸ, ಸುತ್ತಿಗೆ, ಮೊಳೆ, ಕಟ್ಟುವ ತಂತಿ, ಸಲಿಕೆ, ಗುದ್ದಲಿ, ಮಚ್ಚು. ಮಚ್ಚು ಯಾಕೆಂದರೆ ಮನೆ ಮೇಲೆ ಬಿದ್ದ ಮರ ಕಡಿಯದೆ ಮುಂದಿನ ಕೆಲಸ ಆಗುವುದಿಲ್ಲ. ಟಾರ್ಪಾಲನ್ನು ಸುಮ್ಮನೆ ಹೊದಿಸಿ ಮೊಳೆ ಹೊಡೆದರೆ ಮುಂದಿನ ಗಾಳಿಗೇ ಮೊಳೆಯ ಸುತ್ತ ಹರಿದು ಹಾರಿಹೋಗುತ್ತದೆ. ಅದರ ಮೇಲೆ ಮರದ ಪಟ್ಟಿ ಇಟ್ಟು, ಪಟ್ಟಿಯ ಮೇಲೆ ಮೊಳೆ ಹೊಡೆಯಬೇಕು. ಇದನ್ನು ಹೇಳಿಕೊಡುವ ಒಬ್ಬ ಬಡಗಿಯ ದಿನಗೂಲಿಗೂ ಹಣವೇ ಬೇಕು. ಆ ಒಂದು ದಿನದ ಕೂಲಿ ಒಂದು ಕಂಟೇನರ್ ಬಟ್ಟೆಗಿಂತ ದೊಡ್ಡದು ಎಂದೇ ನನ್ನ ನಂಬಿಕೆ.

ಹಣ ಜನರ ಕೈಸೇರಿದ ಒಳ್ಳೆಯ ಉದಾಹರಣೆ ಡೊಮಿನಿಕಾದ್ದು. ಮರಿಯಾ ಈ ಪುಟ್ಟ ದ್ವೀಪಕ್ಕೆ ಮಾಡಿದ ಹಾನಿ, ನಷ್ಟ ಸೇರಿ ಸುಮಾರು 130 ಕೋಟಿ ಡಾಲರ್. ಅಂದರೆ ದೇಶದ ಹಿಂದಿನ ವರ್ಷದ ಜಿಡಿಪಿಯ ಎರಡು ಪಟ್ಟಿಗೂ ಹೆಚ್ಚು. ಮೊದಲ ವಾರಗಳಲ್ಲಿ ಆಹಾರವನ್ನೇ ಹಂಚಿದರು. ಅಂಗಡಿಗಳು ಬಾಗಿಲು ತೆರೆಯುತ್ತಿದ್ದಂತೆ ವಿಶ್ವ ಆಹಾರ ಕಾರ್ಯಕ್ರಮ ಮತ್ತು ಯುನಿಸೆಫ್ ಸರ್ಕಾರದ ಜೊತೆ ಸೇರಿ ಸುಮಾರು 25,000 ಜನರಿಗೆ ನೆರವಾಗುವಂತೆ ಕುಟುಂಬಗಳಿಗೆ ನೇರ ನಗದು ಕೊಟ್ಟವು. ಹೊಸ ವ್ಯವಸ್ಥೆಯನ್ನೇನೂ ಕಟ್ಟಲಿಲ್ಲ. ಬಡವರಿಗೆ ತಿಂಗಳ ಪಿಂಚಣಿ ಹಂಚಲು ಮೊದಲೇ ಇದ್ದ ಸರ್ಕಾರಿ ಯೋಜನೆಯನ್ನೇ ಹಿಗ್ಗಿಸಿದರು. ಒಬ್ಬರು ತಗಡು ಕೊಂಡರು, ಇನ್ನೊಬ್ಬರು ಮಗುವಿಗೆ ಶಾಲೆ ಬೂಟು. ದುಡ್ಡು ಊರಿನ ಅಂಗಡಿಯಲ್ಲೇ ಖರ್ಚಾಗಿ ಅಂಗಡಿಯವರೂ ಚೇತರಿಸಿಕೊಂಡರು. ಹೊರಗಿನ ಪುಕ್ಕಟೆ ಅಕ್ಕಿ ತಿಂಗಳುಗಟ್ಟಲೆ ಬರುತ್ತಲೇ ಇದ್ದರೆ ಅದೇ ಅಂಗಡಿ ಮುಚ್ಚಬೇಕಾಗುತ್ತಿತ್ತು.

ನಮ್ಮ ನಿಮ್ಮ ದಾನದ ಗಾತ್ರ ಎಷ್ಟು ಎಂಬುದನ್ನೂ ತಿಳಿದಿರುವುದು ಒಳ್ಳೆಯದು. 2025ರ ಅಕ್ಟೋಬರ್ 28ರಂದು ಮೆಲಿಸ್ಸಾ ಚಂಡಮಾರುತ ಗಂಟೆಗೆ 295 ಕಿ.ಮೀ. ವೇಗದ ಗಾಳಿಯೊಂದಿಗೆ ಜಮೈಕಾಕ್ಕೆ ಬಡಿಯಿತು. ಬ್ಲ್ಯಾಕ್ ರಿವರ್ ಪಟ್ಟಣ ನೆಲಕಚ್ಚಿತು. ವಿಶ್ವಬ್ಯಾಂಕಿನ ಅಂದಾಜಿನಂತೆ ಹಾನಿ ಸುಮಾರು 880 ಕೋಟಿ ಡಾಲರ್, ಜಿಡಿಪಿಯ ಶೇ. 41ರಷ್ಟು. ಇದನ್ನು ಯಾವ ದೇಣಿಗೆಯೂ ತುಂಬಿಕೊಡಲಾರದು. ಅದಕ್ಕೆಂದೇ ಈ ದ್ವೀಪಗಳು 2007ರಿಂದ ಒಟ್ಟಾಗಿ ವಿಮಾ ನಿಧಿಯೊಂದನ್ನು ನಡೆಸುತ್ತಿವೆ. ಹಾನಿಯ ಸರ್ವೆಗೆ ಕಾಯದೆ ಗಾಳಿಯ ಬಿರುಸು ಮತ್ತು ಅದು ಸಾಗಿದ ದಾರಿಯ ಲೆಕ್ಕದಲ್ಲೇ ಹದಿನಾಲ್ಕು ದಿನದೊಳಗೆ ಹಣ ಬಿಡುಗಡೆಯಾಗುತ್ತದೆ. ಮೆಲಿಸ್ಸಾ ನಂತರ ಜಮೈಕಾಕ್ಕೆ ಆ ನಿಧಿಯಿಂದ ಮೊದಲಿಗೆ ಸುಮಾರು 7 ಕೋಟಿ ಡಾಲರ್, ದುರಂತ ಬಂದರೆ ಹೂಡಿಕೆದಾರರ ಹಣ ದೇಶಕ್ಕೇ ಸೇರುವ ವಿಪತ್ತು ಬಾಂಡ್‌ನಿಂದ 15 ಕೋಟಿ ಡಾಲರ್ ಸಿಕ್ಕಿತು. ಉಳಿದದ್ದಕ್ಕೆ ಬಹುಪಾಲು ಸಾಲ. ಪ್ರವಾಸಿಗರ ದುಡ್ಡಿನಿಂದ ತಲಾ ಆದಾಯ ಹೆಚ್ಚು ಕಾಣುವ ದ್ವೀಪಗಳಿಗೆ ಅಗ್ಗದ ಸಾಲವೂ ಸುಲಭಕ್ಕೆ ದಕ್ಕುವುದಿಲ್ಲ. ಒಂದೇ ರಾತ್ರಿಯಲ್ಲಿ ಬೀದಿಗೆ ಬಿದ್ದ ದೇಶವನ್ನು ಹಳೆಯ ವರಮಾನದಿಂದ ಅಳೆಯುವುದು ಘೋರ ಅನ್ಯಾಯ. 2024ರಲ್ಲಿ ಬೆರಿಲ್ ಚಂಡಮಾರುತ ಬಂದುಹೋದ ಮೇಲೆ ಗ್ರೆನಡಾ ತನ್ನ ಸಾಲಪತ್ರದಲ್ಲಿದ್ದ ‘ಚಂಡಮಾರುತ ಷರತ್ತು’ ಬಳಸಿ ಕಂತು ಮುಂದೂಡಿತು. ಇಂಥ ಷರತ್ತು ಎಲ್ಲ ಸಾಲಗಳಲ್ಲೂ ಇರಬೇಕು.

ಈಗ ನಂಬಿಕೆಯ ಮಾತು. ಅಲ್ಲಿ ಮೊದಲೇ ಬೇರು ಬಿಟ್ಟಿರುವ ಸಂಸ್ಥೆಗೆ ಕೊಡಿ: ಆಯಾ ದೇಶದ ರೆಡ್‌ಕ್ರಾಸ್, ವಿಶ್ವಸಂಸ್ಥೆಯ ಅಂಗಸಂಸ್ಥೆಗಳು, ಸರ್ಕಾರವೇ ತೆರೆದ ಅಧಿಕೃತ ನಿಧಿ. ಮೆಲಿಸ್ಸಾ ಬಂದಾಗ ಜಮೈಕಾ ಸರ್ಕಾರ ‘ಸಪೋರ್ಟ್ ಜಮೈಕಾ’ ಹೆಸರಿನ ಜಾಲತಾಣ ತೆರೆದಿತ್ತು. ಚಂಡಮಾರುತದ ಮರುದಿನ ಹುಟ್ಟಿದ ನಿಧಿಗಳಿಂದ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಕ್ಯೂಆರ್ ಕೋಡ್‌ಗಳಿಂದ ದೂರವಿರಿ. ಭಾರತದಿಂದ ವಿದೇಶಿ ಸಂಸ್ಥೆಗೆ ನೇರವಾಗಿ ಕೊಟ್ಟ ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ ಎಂಬುದೂ ನೆನಪಿರಲಿ.

ಸಾಧ್ಯವಾದರೆ ‘ಇದೇ ದ್ವೀಪಕ್ಕೆ, ಇದೇ ಕೆಲಸಕ್ಕೆ’ ಎಂದು ಗಂಟು ಹಾಕದೆ ಕೊಡಿ. ಅಟ್ಲಾಂಟಿಕ್ ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಪನಾಮಾ, ಬಾರ್ಬಡೋಸ್‌ಗಳ ಗೋದಾಮುಗಳಲ್ಲಿ ಟಾರ್ಪಾಲು, ಮೊಳೆ, ನೀರು ಶುದ್ಧೀಕರಣದ ಸಾಮಗ್ರಿ ಮೇ ತಿಂಗಳಲ್ಲೇ ತುಂಬಿರಬೇಕು. ಟಿವಿಯಲ್ಲಿ ಯಾವ ದ್ವೀಪದ ಸುದ್ದಿಯೂ ಇಲ್ಲದ ಆ ತಿಂಗಳುಗಳಲ್ಲೇ ಪರಿಹಾರ ಸಂಸ್ಥೆಗಳ ಬಳಿ ಹಣ ತೀರ ಕಡಿಮೆ.