ಎರಡು ನಂದಿ, ಒಂದು ಓಟ

ಸುಲ್ತಾನಪೇಟೆ ಕಡೆಯಿಂದ ನಂದಿಬೆಟ್ಟದ ಮೆಟ್ಟಿಲು ಹತ್ತುತ್ತಿದ್ದೆ. ಪೊಲೀಸ್ ನೇಮಕಾತಿಯ 1,600 ಮೀಟರ್ ಓಟಕ್ಕೆ ತಯಾರಿ ನಡೆಸಿದ್ದ ಹುಡುಗನೊಬ್ಬ ನನ್ನನ್ನು ದಾಟಿ ಹೋದವನು ತಿರುವಿನಲ್ಲಿ ಏದುಸಿರು ಬಿಡುತ್ತಾ ಕೂತಿದ್ದ. 'ಮೇಲ್ಗಡೆ ಗಾಳಿ ತೆಳು ಸಾರ್, ದಮ್ಮು ಬೆಳೆಯುತ್ತೆ. ಕೀನ್ಯಾದವರೆಲ್ಲ ಹಿಂಗೇ ಅಲ್ವಾ?' ಎಂದ.

ಕೀನ್ಯಾದಲ್ಲೂ ಒಂದು ನಂದಿ ಇದೆ. ಹೆಸರಿನ ಹೋಲಿಕೆ ಕಾಕತಾಳೀಯ, ಅಷ್ಟೇ. ಅಲ್ಲಿನ ಎತ್ತರದ ನಾಡಿನ ನಂದಿ ಸಮುದಾಯದಲ್ಲಿ 1940ರಲ್ಲಿ ಹುಟ್ಟಿದವರು ಓಟಗಾರ ಕಿಪ್‌ಚೋಗೆ ಕೀನೋ. ಹುಡುಗನ ಪ್ರಶ್ನೆಗೆ ಅವರ ಬದುಕಿಗಿಂತ ಒಳ್ಳೆಯ ಉತ್ತರ ನನಗೆ ತೋಚಲಿಲ್ಲ.

ಎಷ್ಟೇ ಎತ್ತರಕ್ಕೆ ಹೋದರೂ ಗಾಳಿಯಲ್ಲಿ ಆಮ್ಲಜನಕದ ಪಾಲು ನೂರಕ್ಕೆ 21ರಷ್ಟೇ. ಇಳಿಯುವುದು ಒತ್ತಡ. ಒತ್ತಡ ಇಳಿದರೆ ಶ್ವಾಸಕೋಶದಿಂದ ರಕ್ತಕ್ಕೆ ಆಮ್ಲಜನಕ ದಾಟುವುದು ನಿಧಾನ. ಮೂತ್ರಪಿಂಡ ಆ ಕೊರತೆಯನ್ನು ಗುರುತಿಸಿ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನು ಬಿಡುತ್ತದೆ, ಮೂಳೆಮಜ್ಜೆ ಹೆಚ್ಚು ಕೆಂಪು ರಕ್ತಕಣ ಮಾಡತೊಡಗುತ್ತದೆ. ಇದೆಲ್ಲಕ್ಕೆ ಸುಮಾರು 2,000 ಮೀಟರ್ ಮೇಲೆ ವಾರಗಟ್ಟಲೆ ಇರಬೇಕು. ನಂದಿಬೆಟ್ಟ 1,478 ಮೀಟರ್. ಭಾನುವಾರ ಹತ್ತಿ, ಬೋಂಡ ತಿಂದು ಇಳಿದು ಬಂದರೆ ಮಜ್ಜೆಗೆ ಸುದ್ದಿಯೂ ಮುಟ್ಟುವುದಿಲ್ಲ. ಹುಡುಗನ ಏದುಸಿರು ಗಾಳಿಯದಲ್ಲ, ಕಡಿದಾದ ಮೆಟ್ಟಿಲಿನದು. ಅದೂ ಒಳ್ಳೆಯ ವ್ಯಾಯಾಮವೇ ಅನ್ನಿ.

1968ರ ಒಲಿಂಪಿಕ್ಸ್ ನಡೆದ ಮೆಕ್ಸಿಕೊ ನಗರ ಮಾತ್ರ 2,240 ಮೀಟರ್ ಎತ್ತರದ್ದು. ಅಲ್ಲಿ ಗಾಳಿಯ ತಡೆ ಕಡಿಮೆ, ಹಾಗಾಗಿ ಸಣ್ಣ ಓಟದವರಿಗೆ, ಜಿಗಿಯುವವರಿಗೆ ಹಬ್ಬ. ದೂರದ ಓಟಗಾರರಿಗೆ ಉಸಿರಿನ ಬರ. 1,500 ಮೀಟರ್‌ನಲ್ಲಿ ಶಕ್ತಿಯ ಸುಮಾರು ಐದರಲ್ಲಿ ನಾಲ್ಕು ಪಾಲು ಆಮ್ಲಜನಕದಿಂದಲೇ ಬರಬೇಕು, ಹೀಗಾಗಿ ಅದೂ ಬರದ ಕಡೆಗೇ ವಾಲುತ್ತದೆ. ವಿಶ್ವದಾಖಲೆ ಹೊಂದಿದ್ದ ಅಮೆರಿಕದ ಜಿಮ್ ರಯನ್ ಈ ಎತ್ತರದಲ್ಲಿ 3 ನಿಮಿಷ 39 ಸೆಕೆಂಡು ಓಡಿದರೆ ಚಿನ್ನ ಗ್ಯಾರಂಟಿ ಎಂದು ಲೆಕ್ಕ ಹಾಕಿದ್ದರು. ಲೆಕ್ಕವೇನೋ ಸರಿಯಾಗಿಯೇ ಇತ್ತು, ಕೀನೋ ಅದರಲ್ಲಿ ಇರಲಿಲ್ಲ.

ಪಿತ್ತಕೋಶದ ನೋವಿನಿಂದ ಕೀನೋ ಅದೇ ಕೂಟದ 10,000 ಮೀಟರ್‌ನಲ್ಲಿ ಕುಸಿದುಬಿದ್ದಿದ್ದರು. ಆದರೂ 5,000 ಮೀಟರ್‌ನಲ್ಲಿ ಬೆಳ್ಳಿ ಗೆದ್ದಿದ್ದರು. 1,500ರ ಫೈನಲ್‌ನಲ್ಲಿ ಅವರ ದೇಶದವರೇ ಆದ ಬೆನ್ ಜಿಪ್ಚೊ ಮೊದಲ ಸುತ್ತನ್ನು 56 ಸೆಕೆಂಡಿಗೆ ಎಳೆದುಬಿಟ್ಟರು. ಆ ಗಾಳಿಯಲ್ಲಿ ಅದು ಹುಚ್ಚು ವೇಗ. ರಯನ್ ಕೊನೆಯ ಸುತ್ತಿನ ಮಿಂಚಿಗೆ ಹೆಸರಾದವರು. ಆ ಮಿಂಚು ಉಪಯೋಗಕ್ಕೆ ಬರುವ ಮೊದಲೇ ಅಂತರ ಬೆಳೆಸಬೇಕು ಎಂಬುದು ಉಪಾಯ. ಕೀನೋ 3:34.9ಕ್ಕೆ ಮುಗಿಸಿದಾಗ ರಯನ್ ಸುಮಾರು 20 ಮೀಟರ್ ಹಿಂದಿದ್ದರು. ಆ ಒಲಿಂಪಿಕ್ ದಾಖಲೆಯನ್ನು ಮುರಿಯಲು 1984 ಬರಬೇಕಾಯಿತು.

ಹಾಗಾದರೆ ಎಲ್ಲ ಎತ್ತರದ ಮಹಿಮೆಯೇ ಅಂದ ಹುಡುಗ. 1972ರಲ್ಲಿ ಕೀನೋ ಹೆಚ್ಚು ಅಭ್ಯಾಸವೇ ಇಲ್ಲದ, ಅಡ್ಡಗಟ್ಟೆ ಮತ್ತು ನೀರಿನ ಗುಂಡಿ ದಾಟಿ ಓಡುವ 3,000 ಮೀಟರ್ ಸ್ಟೀಪಲ್‌ಚೇಸ್‌ಗೆ ಇಳಿದು ಚಿನ್ನ ಗೆದ್ದರು, 1,500ರಲ್ಲಿ ಬೆಳ್ಳಿ. ಅದು ನಡೆದದ್ದು ಮ್ಯೂನಿಕ್‌ನಲ್ಲಿ. ಆ ಊರಿನ ಎತ್ತರ 520 ಮೀಟರ್ ಆಸುಪಾಸು, ನಮ್ಮ ಚಿಕ್ಕಬಳ್ಳಾಪುರಕ್ಕಿಂತ ಎಷ್ಟೋ ಕೆಳಗೆ.