ಯೂರೋವಿಷನ್ ಅಂಕಗಳು: ಒಂದು ವರ್ಷವನ್ನು ಇನ್ನೊಂದರ ಪಕ್ಕ ಇಡುವ ಲೆಕ್ಕ

ಯೂರೋವಿಷನ್ ಎಂದರೆ ಹೆಚ್ಚಾಗಿ ಯುರೋಪಿನ ದೇಶಗಳು ತಮ್ಮ ತಮ್ಮ ಹಾಡು ಕಳಿಸಿ, ಒಂದಕ್ಕೊಂದು ಅಂಕ ಕೊಡುವ ವಾರ್ಷಿಕ ಸ್ಪರ್ಧೆ. 1974ರ ಯೂರೋವಿಷನ್ ಹಾಡಿನ ಸ್ಪರ್ಧೆಯನ್ನು ಸ್ವೀಡನ್ನಿನ ಅಬ್ಬಾ ತಂಡ ಗೆದ್ದದ್ದು 24 ಅಂಕಗಳಿಂದ. 2017ರಲ್ಲಿ ಪೋರ್ಚುಗಲ್‌ನ ಸಾಲ್ವಡೋರ್ ಸೊಬ್ರಾಲ್ ಗೆದ್ದದ್ದು 758 ಅಂಕಗಳಿಂದ. ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಬರೆದು "ಅತಿ ಹೆಚ್ಚು ಅಂಕ ಪಡೆದ ಹಾಡುಗಳು" ಎಂದು ತಲೆಬರಹ ಹಾಕಿದರೆ ಅದರಿಂದ ಏನೂ ತಿಳಿಯುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ, ಪಿಯುಸಿಯಲ್ಲಿ 600ಕ್ಕೆ ಅಂಕ ಕೊಡುತ್ತಾರೆ. ಎರಡರಲ್ಲೂ 540 ಬಂದಿದೆ ಎಂದ ಮಾತ್ರಕ್ಕೆ ಫಲಿತಾಂಶ ಒಂದೇ ಆಗದು. ಯೂರೋವಿಷನ್‌ನಲ್ಲಿ ಈ "ಎಷ್ಟಕ್ಕೆ" ಎನ್ನುವುದು ಹೆಚ್ಚುಕಡಿಮೆ ಪ್ರತಿ ವರ್ಷವೂ ಬದಲಾಗುತ್ತದೆ. ಹಾಗಾಗಿ ಮೊದಲು ಹುಡುಕಬೇಕಾದದ್ದು ಅಂಕವನ್ನಲ್ಲ, ಛೇದವನ್ನು, ಅಂದರೆ ಆ ವರ್ಷ ಸಿಗಬಹುದಾಗಿದ್ದ ಗರಿಷ್ಠ ಅಂಕವನ್ನು.

ಅಂಕ ಕೊಡುವ ಪದ್ಧತಿ ಬದಲಾದ ಬಗೆ

1956ರಲ್ಲಿ ಲುಗಾನೊದಲ್ಲಿ ನಡೆದ ಮೊದಲ ಸ್ಪರ್ಧೆಯ ಮತಗಳು ಹೊರಗೆ ಬರಲೇ ಇಲ್ಲ. ಗೆದ್ದವರು ಸ್ವಿಟ್ಜರ್ಲೆಂಡಿನ ಲಿಸ್ ಆಸಿಯಾ ಎಂಬುದಷ್ಟೇ ಪ್ರಕಟವಾಯಿತು. ಆದ್ದರಿಂದ ಆ ವರ್ಷವನ್ನು ಹೋಲಿಕೆಯಿಂದ ಕೈಬಿಡಿ. 1957ರಿಂದ 1961ರವರೆಗೆ ಪ್ರತಿ ದೇಶದಲ್ಲೂ 10 ತೀರ್ಪುಗಾರರು, ಒಬ್ಬೊಬ್ಬರಿಗೆ ಒಂದೊಂದು ಮತ. 1962ರಲ್ಲಿ ಪ್ರತಿ ದೇಶವೂ ತನ್ನ ಮೆಚ್ಚಿನ ಹಾಡುಗಳಿಗೆ ಕ್ರಮವಾಗಿ 3-2-1, 1963ರಲ್ಲಿ 5-4-3-2-1, 1964ರಿಂದ 1966ರವರೆಗೆ 5-3-1. 1967ರಲ್ಲಿ ಮತ್ತೆ ಹತ್ತು ಜನರ ಪದ್ಧತಿಗೆ ಮರಳಿದರು. 1969ರಲ್ಲಿ ಸ್ಪೇನ್, ಬ್ರಿಟನ್, ನೆದರ್ಲೆಂಡ್ಸ್, ಫ್ರಾನ್ಸ್ ನಾಲ್ಕೂ ತಲಾ 18 ಅಂಕ ಪಡೆದು ನಾಲ್ಕೂ ಗೆದ್ದದ್ದು ಈ ಅವಧಿಯಲ್ಲೇ. ಹದಿನಾರು ದೇಶಗಳ ಮೇಲೆ ಒಂಟಿ ಒಂಟಿ ಮತಗಳು ಚದುರಿಹೋದಾಗ ಮೇಲಿನ ಸ್ಥಾನಗಳು ಒತ್ತಾಗುತ್ತವೆ. ಸಮ ಬಂದರೆ ಏನು ಮಾಡಬೇಕೆಂಬ ನಿಯಮವೂ ಆಗ ಇರಲಿಲ್ಲ.

1971ರಿಂದ 1973ರವರೆಗಿನ ಮೂರು ವರ್ಷಗಳನ್ನು ನಿಧಾನವಾಗಿ ನೋಡಬೇಕು, ಹೆಚ್ಚಿನವರು ಎಡವುವುದು ಇಲ್ಲಿ. ಪ್ರತಿ ದೇಶದಿಂದ ಇಬ್ಬರು ತೀರ್ಪುಗಾರರು, ಒಬ್ಬರು 25 ವರ್ಷಕ್ಕಿಂತ ಕಿರಿಯರು, ಇನ್ನೊಬ್ಬರು ಹಿರಿಯರು. ಇಬ್ಬರೂ ಪ್ರತಿಯೊಂದು ಹಾಡಿಗೂ 1ರಿಂದ 5ರ ನಡುವೆ ಅಂಕ ಕೊಡಲೇಬೇಕು. ಅಂದರೆ ಹಾಡು ಎಷ್ಟೇ ಕಳಪೆಯಾಗಿದ್ದರೂ ಒಂದು ದೇಶದಿಂದ 2 ಅಂಕ ಖಚಿತ. 1973ರಲ್ಲಿ 17 ದೇಶಗಳಿದ್ದವು. ಲಕ್ಸೆಂಬರ್ಗ್ ಪರವಾಗಿ ಹಾಡಿದ ಆನ್-ಮರೀ ದಾವೀದ್ 129 ಅಂಕ ಪಡೆದರು. ಗರಿಷ್ಠ 16 × 10 = 160, ಆದ್ದರಿಂದ ಶೇ. 80.6. ನೋಡಿದರೆ ಸಾರ್ವಕಾಲಿಕ ದಾಖಲೆಯಂತಿದೆ. ಆದರೆ ಅದರಲ್ಲಿ 16 × 2 = 32 ಅಂಕ ಎಲ್ಲರಿಗೂ ಪುಕ್ಕಟೆಯಾಗಿ ಸಿಕ್ಕದ್ದು. ಅದನ್ನು ಅಂಶದಿಂದಲೂ ಛೇದದಿಂದಲೂ ಕಳೆದರೆ 97 ÷ 128, ಅಂದರೆ ಶೇ. 75.8. ಈ ಮೂರು ವರ್ಷಗಳ ಯಾವ ಅಂಕವನ್ನೂ ಹೀಗೆ ತಳ ಕಳೆಯದೆ ಬಳಸಬಾರದು.

1974ಕ್ಕೆ ಮಾತ್ರ ಹತ್ತು ಜನರ ಪದ್ಧತಿ ಮತ್ತೊಮ್ಮೆ ಬಂತು. ಅಬ್ಬಾದ 24ರ ಗುಟ್ಟು ಇದೇ: 17 ದೇಶಗಳು ಹಂಚಿದ ಒಟ್ಟು ಮತಗಳೇ 170. 1975ರಿಂದ ಇಂದಿನವರೆಗೂ ಪ್ರತಿ ದೇಶ ತನ್ನ ಮೆಚ್ಚಿನ ಹತ್ತು ಹಾಡುಗಳಿಗೆ ಕೊಡುವುದು ನಮಗೆ ಪರಿಚಿತವಾದ 12, 10, 8, 7, 6, 5, 4, 3, 2, 1. ಕೂಡಿದರೆ 58. ಈ 58 ನೆನಪಿರಲಿ, ಮುಂದೆ ಬೇಕಾಗುತ್ತದೆ.

ಛೇದ ಕಟ್ಟುವ ಕ್ರಮ

ಮೊದಲು ಆ ವರ್ಷ ಎಷ್ಟು ದೇಶಗಳು ಮತ ಹಾಕಿದವು ಎಂದು ನೋಡಿ. ಎಷ್ಟು ಹಾಡುಗಳು ಫೈನಲ್‌ನಲ್ಲಿದ್ದವು ಎಂದಲ್ಲ. ತನ್ನ ಹಾಡಿಗೆ ತಾನೇ ಮತ ಹಾಕುವಂತಿಲ್ಲವಾದ್ದರಿಂದ ಅದರಲ್ಲಿ 1 ಕಳೆಯಿರಿ. 1975ರಿಂದ 2015ರವರೆಗಿನ ವರ್ಷವಾದರೆ 12ರಿಂದ ಗುಣಿಸಿ. 2016ರಿಂದ ತೀರ್ಪುಗಾರರು ಒಂದು ಸೆಟ್, ಪ್ರೇಕ್ಷಕರು ಇನ್ನೊಂದು ಸೆಟ್ ಕೊಡುವುದರಿಂದ 24ರಿಂದ ಗುಣಿಸಿ. 2023ರಿಂದ "ಜಗತ್ತಿನ ಉಳಿದ ಭಾಗ" ಎಂಬ ಹೆಸರಲ್ಲಿ ಸ್ಪರ್ಧೆಯಲ್ಲಿಲ್ಲದ ದೇಶಗಳ ಪ್ರೇಕ್ಷಕರ ಆನ್‌ಲೈನ್ ಮತಗಳೂ ಒಂದು ದೇಶದ ಮತದಂತೆ ಸೇರುತ್ತವೆ. ಹಾಗಾಗಿ ಕೊನೆಗೆ ಇನ್ನೊಂದು 12 ಕೂಡಿಸಿ.

1976, ಬ್ರಿಟನ್: 164 ÷ (17 × 12 = 204) = ಶೇ. 80.4
1982, ಜರ್ಮನಿ: 161 ÷ 204 = ಶೇ. 78.9
1997, ಬ್ರಿಟನ್: 227 ÷ (24 × 12 = 288) = ಶೇ. 78.8
2009, ನಾರ್ವೆ: 387 ÷ (41 × 12 = 492) = ಶೇ. 78.7
2017, ಪೋರ್ಚುಗಲ್: 758 ÷ (41 × 24 = 984) = ಶೇ. 77.0
2025, ಆಸ್ಟ್ರಿಯಾ: 436 ÷ (36 × 24 + 12 = 876) = ಶೇ. 49.8

ಸಾಮಾನ್ಯವಾಗಿ ಆಗುವ ತಪ್ಪು 2004ರ ನಂತರದ ವರ್ಷಗಳಲ್ಲಿ. ಆ ವರ್ಷ ಸೆಮಿಫೈನಲ್ ಶುರುವಾಯಿತು, 2008ರಿಂದ ಎರಡು ಸೆಮಿಫೈನಲ್. ಅಲ್ಲಿ ಸೋತು ಹೋದ ದೇಶಗಳೂ ಫೈನಲ್‌ಗೆ ಮತ ಹಾಕುತ್ತವೆ. 2009ರ ಫೈನಲ್‌ನಲ್ಲಿ 25 ಹಾಡುಗಳಿದ್ದವು ಎಂದು 24 × 12 = 288 ಅನ್ನು ಛೇದವಾಗಿ ಹಿಡಿದರೆ ನಾರ್ವೆಗೆ ಶೇ. 134 ಬರುತ್ತದೆ. ನೂರು ದಾಟಿದರೆ ತಪ್ಪು ತಕ್ಷಣ ಗೊತ್ತಾಗುತ್ತದೆ. ಆದರೆ ಹತ್ತನೇ ಸ್ಥಾನದ ಹಾಡಿಗೆ ಹೀಗೆ ಮಾಡಿದರೆ ತಪ್ಪು ಕಣ್ಣಿಗೆ ಬೀಳದೆ ಉಳಿದುಬಿಡುತ್ತದೆ.

ಶೇಕಡಾ ಒಂದೇ ಸಾಲದು

ಮೇಲಿನ ಪಟ್ಟಿಯಲ್ಲಿ 1976 ಎಲ್ಲಕ್ಕಿಂತ ಮುಂದಿದೆ. ಆದರೆ ಆಗ ಇದ್ದದ್ದು 18 ಹಾಡು. ಒಂದು ದೇಶ 17 ಹಾಡು ಕೇಳಿ 10ಕ್ಕೆ ಅಂಕ ಕೊಡಬೇಕು. 2009ರಲ್ಲಿ 24–25 ಹಾಡು ಕೇಳಿ ಅದೇ 10ಕ್ಕೆ ಕೊಡಬೇಕು. ಹಾಗಾಗಿ ಎರಡನೆಯ ಅಳತೆ ಬೇಕು: ಗೆದ್ದ ಹಾಡು ಆ ವರ್ಷದ ಸರಾಸರಿಯ ಎಷ್ಟು ಪಟ್ಟು?

1975ರಿಂದ 2003ರವರೆಗೆ ಫೈನಲ್‌ನಲ್ಲಿ ಹಾಡಿದ ದೇಶಗಳೇ ಮತ ಹಾಕುತ್ತಿದ್ದವು. ಎಷ್ಟೇ ದೇಶಗಳಿದ್ದರೂ ಒಂದು ಹಾಡಿನ ಸರಾಸರಿ ಯಾವಾಗಲೂ 58. ಹಾಗಾಗಿ 1976ರ 164 ಸರಾಸರಿಯ 2.83 ಪಟ್ಟು, 1997ರ 227 ಅಂದರೆ 3.91 ಪಟ್ಟು. 2009ಕ್ಕೆ 42 × 58 = 2436 ಅಂಕಗಳನ್ನು 25 ಹಾಡುಗಳಿಗೆ ಹಂಚಿದರೆ ಸರಾಸರಿ 97.4, ನಾರ್ವೆ ಅದರ 3.97 ಪಟ್ಟು. 2017ರಲ್ಲಿ 26 ಹಾಡು, ಸರಾಸರಿ 187.4, ಪೋರ್ಚುಗಲ್ 4.05 ಪಟ್ಟು. ಸಾಲು ಈಗ ಪೂರ್ತಿ ತಲೆಕೆಳಗು. ಶೇಕಡಾ ಹೇಳುವುದು ಪರಿಪೂರ್ಣತೆಗೆ ಎಷ್ಟು ಹತ್ತಿರ ಎಂದು, ಪಟ್ಟು ಹೇಳುವುದು ಉಳಿದವರಿಂದ ಎಷ್ಟು ದೂರ ಎಂದು. ಎರಡನ್ನೂ ಜೊತೆಗಿಟ್ಟೇ ಬರೆಯಿರಿ.

ಈ ಪಟ್ಟಿನ ಲೆಕ್ಕವನ್ನು 1975ರ ಹಿಂದಕ್ಕೆ ಎಳೆಯಬೇಡಿ. 1964ರಲ್ಲಿ ಇಟಲಿಯ ಜಿಲ್ಯೋಲಾ ಚಿಂಕ್ವೆತ್ತಿ 49 ಅಂಕ ಪಡೆದರು, ಒಂದು ದೇಶ ಹಂಚುತ್ತಿದ್ದದ್ದು ಒಟ್ಟು 9 ಅಂಕ, ಸರಾಸರಿಯೂ 9. ಆಗ 5.4 ಪಟ್ಟು ಬರುತ್ತದೆ. ಅದು ದೊಡ್ಡ ಗೆಲುವೇ, ಎರಡನೆಯ ಸ್ಥಾನಕ್ಕೆ ಸಿಕ್ಕದ್ದು ಬರೀ 17. ಆದರೆ ಮೂರೇ ಹಾಡುಗಳಿಗೆ ಅಂಕ ಕೊಡುವ ಪದ್ಧತಿ ಅಂತರವನ್ನು ತಾನೇ ಹಿಗ್ಗಿಸುತ್ತದೆ.

ತೀರ್ಪುಗಾರರು ಮತ್ತು ಪ್ರೇಕ್ಷಕರು

ನನ್ನ ದೃಷ್ಟಿಯಲ್ಲಿ ಹೋಲಿಕೆಯ ತಿರುಳು ಇಲ್ಲಿದೆ. 1997ರಲ್ಲಿ ಐದು ದೇಶಗಳು ತೀರ್ಪುಗಾರರ ಬದಲು ಪ್ರೇಕ್ಷಕರ ಫೋನ್ ಮತವನ್ನು ಪ್ರಯೋಗಿಸಿದವು, ಮರುವರ್ಷದಿಂದ ಹೆಚ್ಚಿನವು ಅದಕ್ಕೇ ಬಂದವು. 2009ರಲ್ಲಿ ಫೈನಲ್‌ಗೆ ತೀರ್ಪುಗಾರರು ಮರಳಿದರು, ಅರ್ಧ ಅರ್ಧ ಪಾಲು. ಆದರೆ 2015ರವರೆಗೆ ಎರಡನ್ನೂ ದೇಶದೊಳಗೇ ಬೆರೆಸಿ, ಒಂದೇ ಸೆಟ್ ಅಂಕವಾಗಿ ಹೊರಗೆ ಕೊಡುತ್ತಿದ್ದರು. ಬೆರೆಸಿದಾಗ ಭಿನ್ನಮತ ಮಾಯವಾಗುತ್ತದೆ. 2014ರಲ್ಲಿ ಬ್ರಿಟನ್ನಿನ ಪ್ರೇಕ್ಷಕರು ಪೋಲೆಂಡನ್ನು ಮೊದಲ ಸ್ಥಾನದಲ್ಲಿಟ್ಟರು, ತೀರ್ಪುಗಾರರು ಕೊನೆಯಲ್ಲಿಟ್ಟರು. ಪರಿಣಾಮ, ಬ್ರಿಟನ್ನಿನಿಂದ ಪೋಲೆಂಡ್‌ಗೆ ಸೊನ್ನೆ. ಇಂದಿನ ನಿಯಮವಾಗಿದ್ದರೆ 12 ಸಿಗುತ್ತಿತ್ತು.

ಇದೇ ಕಾರಣಕ್ಕೆ 2009ರ ಶೇ. 78.7 ಮತ್ತು 2017ರ ಶೇ. 77.0 ಒಂದೇ ಜಾತಿಯವಲ್ಲ. 2009ರಲ್ಲಿ ನಾರ್ವೆಯ ಅಲೆಕ್ಸಾಂಡರ್ ರಿಬಾಕ್‌ಗೆ ಪ್ರೇಕ್ಷಕರಿಂದಷ್ಟೇ ಲೆಕ್ಕ ಹಾಕಿದರೆ 378, ತೀರ್ಪುಗಾರರಿಂದಷ್ಟೇ ಹಾಕಿದರೆ 312. ಈಗಿನಂತೆ ಕೂಡಿಸಿದರೆ 690, 984ಕ್ಕೆ ಸುಮಾರು ಶೇ. 70. ಸೊಬ್ರಾಲ್‌ಗೆ ತೀರ್ಪುಗಾರರಿಂದ 382, ಪ್ರೇಕ್ಷಕರಿಂದ 376. ಎರಡೂ ಕಡೆ ಶೇ. 76 ದಾಟಿದೆ. 2016ರ ನಂತರ ಇಂಥ ಒಮ್ಮತ ಮತ್ತೆ ಕಂಡಿಲ್ಲ. ಆ ಗೆಲುವನ್ನು ನಾನು ಎಲ್ಲಕ್ಕಿಂತ ಮೇಲೆ ಇಡುವುದು ಇದರಿಂದಲೇ.

ಉಳಿದ ವರ್ಷಗಳಲ್ಲಿ ಬಿರುಕು ಎದ್ದು ಕಾಣುತ್ತದೆ. 2016ರಲ್ಲಿ ತೀರ್ಪುಗಾರರ ಮೊದಲ ಆಯ್ಕೆ ಆಸ್ಟ್ರೇಲಿಯಾ (320), ಪ್ರೇಕ್ಷಕರದ್ದು ರಷ್ಯಾ (361). ಗೆದ್ದದ್ದು ಎರಡರಲ್ಲೂ ಎರಡನೆಯದಾಗಿದ್ದ ಉಕ್ರೇನ್, 211 + 323 = 534. 2022ರಲ್ಲಿ ಯುದ್ಧದ ನಡುವಿನಿಂದ ಬಂದ ಉಕ್ರೇನ್‌ಗೆ ಪ್ರೇಕ್ಷಕರು 468ಕ್ಕೆ 439 ಕೊಟ್ಟರು, ಶೇ. 93.8. ತೀರ್ಪುಗಾರರು ಕೊಟ್ಟದ್ದು 192, ಶೇ. 41. ಮರುವರ್ಷ ಅದು ತಿರುಗಿತು: ಸ್ವೀಡನ್ನಿನ ಲೊರೀನ್‌ಗೆ ತೀರ್ಪುಗಾರರಿಂದ 340, ಪ್ರೇಕ್ಷಕರಿಂದ 243. ಫಿನ್ಲೆಂಡಿನ ಕ್ಯಾರಿಯಾಗೆ ಪ್ರೇಕ್ಷಕರು 376 ಕೊಟ್ಟರೂ ತೀರ್ಪುಗಾರರ 150 ಅವರನ್ನು ಎರಡನೆಯ ಸ್ಥಾನದಲ್ಲೇ ನಿಲ್ಲಿಸಿತು. 2022 ಮತ್ತು 2023ರ ಒಟ್ಟು ಶೇಕಡಾ ನೋಡಿ: 67.4 ಮತ್ತು 66.6. ಒಟ್ಟು ಮಾತ್ರ ನೋಡಿದವರಿಗೆ ಇವು ಅವಳಿ ಗೆಲುವುಗಳಂತೆ ಕಾಣುತ್ತವೆ. ಒಳಗಿನ ಲೆಕ್ಕ ಪೂರ್ತಿ ವಿರುದ್ಧ.

ಟಿವಿಯಲ್ಲಿ ಹೇಳಿದ ಅಂಕವನ್ನೇ ಬರೆದಿಟ್ಟುಕೊಂಡಿದ್ದರೆ 2019ನ್ನು ತಿದ್ದಿಕೊಳ್ಳಿ. ಬೆಲಾರುಸ್ ತೀರ್ಪುಗಾರರನ್ನು ಕೈಬಿಟ್ಟು ಅವರ ಬದಲಿಗೆ ಸಿದ್ಧಪಡಿಸಿದ ಅಂಕಗಳು ತಲೆಕೆಳಗಾಗಿ ಸೇರಿಹೋಗಿದ್ದವು. ನೆದರ್ಲೆಂಡ್ಸ್‌ಗೆ ಅಂದು ಹೇಳಿದ್ದು 492, ತಿದ್ದಿದ ಮೇಲೆ 498. ಗೆಲುವು ಬದಲಾಗಲಿಲ್ಲ, ಸ್ವೀಡನ್ ಮತ್ತು ನಾರ್ವೆಯ ಐದು-ಆರನೆಯ ಸ್ಥಾನಗಳು ಅದಲುಬದಲಾದವು.

ಭಾಷೆಯ ನಿಯಮ

ಐರ್ಲೆಂಡ್ ಮತ್ತು ಸ್ವೀಡನ್ ತಲಾ 7 ಬಾರಿ ಗೆದ್ದಿವೆ. ಸಮ ಎನ್ನುವ ಮೊದಲು ಒಂದು ಗೆರೆ ಎಳೆಯಿರಿ. 1966ರಿಂದ 1972ರವರೆಗೆ, ಮತ್ತೆ 1977ರಿಂದ 1998ರವರೆಗೆ ತಮ್ಮ ದೇಶದ ಭಾಷೆಯಲ್ಲೇ ಹಾಡಬೇಕಿತ್ತು. ಐರ್ಲೆಂಡಿನ ಏಳೂ ಗೆಲುವು (1970, 1980, 1987, 1992, 1993, 1994, 1996) ಈ ಅವಧಿಯವು. ಆಗ ಇಂಗ್ಲಿಷ್‌ನಲ್ಲಿ ಹಾಡುವ ಅವಕಾಶ ಇದ್ದದ್ದು ಬೆರಳೆಣಿಕೆಯ ದೇಶಗಳಿಗೆ. ಸ್ವೀಡನ್ನಿನ ಏಳರಲ್ಲಿ ಐದು (1974, 1999, 2012, 2015, 2023) ಭಾಷೆ ಮುಕ್ತವಾಗಿದ್ದ ವರ್ಷಗಳವು. 1984 ಮತ್ತು 1991ರಲ್ಲಿ ಮಾತ್ರ ಅವರು ಸ್ವೀಡಿಷ್‌ನಲ್ಲಿ ಹಾಡಿ ಗೆದ್ದರು. 1991ರಲ್ಲಂತೂ ಫ್ರಾನ್ಸ್ ಜೊತೆ 146ಕ್ಕೆ ಸಮ. 12 ಅಂಕ ಎಷ್ಟು ದೇಶಗಳಿಂದ ಬಂತು ಎಂಬುದೂ ಸಮವಾಗಿ, 10 ಅಂಕ ಎಷ್ಟು ದೇಶಗಳಿಂದ ಬಂತು ಎಂದು ಎಣಿಸಿದಾಗ ಸ್ವೀಡನ್‌ಗೆ ಐದು, ಫ್ರಾನ್ಸ್‌ಗೆ ಎರಡು.

ಅಭ್ಯಾಸಕ್ಕೆ 2021: ಇಟಲಿಯ ಮಾನೆಸ್ಕಿನ್, 39 ದೇಶಗಳ ಮತ, ತೀರ್ಪುಗಾರರಿಂದ 206, ಪ್ರೇಕ್ಷಕರಿಂದ 318. ಒಂದೊಂದು ಕಡೆಯ ಛೇದ 38 × 12 = 456. ಉತ್ತರ ಶೇ. 45.2, ಶೇ. 69.7, ಒಟ್ಟು ಶೇ. 57.5 ಬರಬೇಕು. ಬೇರೆ ಬಂದಿದ್ದರೆ 39ರಿಂದ 1 ಕಳೆಯುವುದನ್ನು ಮರೆತಿರಬಹುದು, ಅದನ್ನೇ ಮೊದಲು ನೋಡಿ.